ಇಪ್ಪತ್ತು ಡಾಲರ್ ನೋಟಿನ ಅಜ್ಜಿಯ ಬೇರು ಹುಡುಕುತ್ತಾ...

ಆಸ್ಟ್ರೇಲಿಯದ ಇಪ್ಪತ್ತು ಡಾಲರ್ ನೋಟಿನ ಮೇಲೆ ಒಬ್ಬ ಅಜ್ಜಿಯ ಚಿತ್ರವಿದೆ. ಮೂಗಿನ ಮೇಲೆ ದುಂಡು ಕನ್ನಡಕ, ತಲೆಗೆ ಹಳೆಯ ಕಾಲದ ಬಟ್ಟೆಯ ಟೊಪ್ಪಿ, ಮುಖದಲ್ಲಿ ಮನೆಯ ಹಿರಿಯಳ ಗಾಂಭೀರ್ಯ. ಇವಳು ಮೇರಿ ರೇಬಿ. ಸಿಡ್ನಿಯ ಆರಂಭದ ದಿನಗಳ ದೊಡ್ಡ ವ್ಯಾಪಾರಿ, ಹಡಗುಗಳ ಒಡತಿ, ಏಳು ಮಕ್ಕಳ ತಾಯಿ. 1994ರಲ್ಲಿ ಆಸ್ಟ್ರೇಲಿಯ ಸರ್ಕಾರ ಇವಳನ್ನು ನೋಟಿಗೆ ಏರಿಸಿತು. ಆದರೆ ಇದೇ ಅಜ್ಜಿ ಆ ನೆಲಕ್ಕೆ ಮೊದಲು ಕಾಲಿಟ್ಟದ್ದು ಹದಿನೈದರ ಹರೆಯದಲ್ಲಿ, ಕುದುರೆ ಕದ್ದ ಆರೋಪದ ಮೇಲೆ ಇಂಗ್ಲೆಂಡಿನಿಂದ ಗಡೀಪಾರಾದ ಕೈದಿಯಾಗಿ.

ಇನ್ನೂ ಕುತೂಹಲದ ಸಂಗತಿಯೊಂದಿದೆ. 1828ರಲ್ಲಿ ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಜನಗಣತಿ ನಡೆದಾಗ ಪ್ರತಿಯೊಬ್ಬರನ್ನೂ ‘ನೀನು ಇಲ್ಲಿಗೆ ಹೇಗೆ ಬಂದೆ, ಯಾವಾಗ ಬಂದೆ?’ ಎಂದು ಕೇಳಲಾಯಿತು. ಮೇರಿ ರೇಬಿ ಕೊಟ್ಟ ಉತ್ತರ: ಸ್ವತಂತ್ರಳಾಗಿ ಬಂದವಳು, 1821. ಆ ಒಂದು ಸಾಲನ್ನು ನಂಬಿ ಯಾರಾದರೂ ಅವಳ ವಂಶವೃಕ್ಷ ಬರೆಯಹೊರಟರೆ ದಾರಿ ತಪ್ಪುವುದು ಖಂಡಿತ. ಏಕೆಂದರೆ ಅವಳು ನಿಜಕ್ಕೂ ಸಿಡ್ನಿಯಲ್ಲಿ ಇಳಿದದ್ದು ಅದಕ್ಕೆ 29 ವರ್ಷ ಮೊದಲು, 1792ರಲ್ಲಿ.

ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹೋದ ಒಬ್ಬ ವಲಸಿಗಳ ಮನೆತನದ ಚರಿತ್ರೆಯನ್ನು ಹುಡುಕುವುದು ಎಷ್ಟು ಕಷ್ಟ, ಎಷ್ಟು ರೋಚಕ ಎಂಬುದಕ್ಕೆ ಮೇರಿ ರೇಬಿಯ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಹಿಮ್ಮುಖ ಪಯಣ

ವಂಶದ ಚರಿತ್ರೆ ಹುಡುಕುವವರು ಯಾವಾಗಲೂ ಹಿಂದಕ್ಕೆ ನಡೆಯುತ್ತಾರೆ. ತಿಳಿದದ್ದರಿಂದ ತಿಳಿಯದ್ದರ ಕಡೆಗೆ, ಮೊಮ್ಮಕ್ಕಳಿಂದ ಅಜ್ಜ ಅಜ್ಜಿಯರ ಕಡೆಗೆ, ಮರಣದಿಂದ ಜನನದ ಕಡೆಗೆ. ಆಸ್ಟ್ರೇಲಿಯದ ಸಂಶೋಧಕರಿಗೆ ಈ ದಾರಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಅದು ಅಲ್ಲಿನ ಮರಣಪತ್ರ.

ಇಂಗ್ಲೆಂಡಿನಲ್ಲಿ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ ಆರಂಭವಾದದ್ದು 1837ರ ಜುಲೈ 1ರಂದು. ಆದರೆ ಆ ಕಾಲದ ಇಂಗ್ಲೆಂಡಿನ ಮರಣಪತ್ರದಲ್ಲಿ ಸತ್ತ ವ್ಯಕ್ತಿ ವಯಸ್ಕನಾಗಿದ್ದರೆ ಅವನ ತಂದೆ ತಾಯಿಯರ ಹೆಸರನ್ನು ಕೇಳುತ್ತಲೇ ಇರಲಿಲ್ಲ. ಆಸ್ಟ್ರೇಲಿಯದ ವಸಾಹತುಗಳು ಈ ವಿಷಯದಲ್ಲಿ ತಾಯ್ನಾಡನ್ನೂ ಮೀರಿಸಿದವು. ವಿಕ್ಟೋರಿಯದಲ್ಲಿ 1853ರಲ್ಲಿ, ನ್ಯೂ ಸೌತ್ ವೇಲ್ಸಿನಲ್ಲಿ 1856ರಲ್ಲಿ ಜಾರಿಗೆ ಬಂದ ನೋಂದಣಿ ಪದ್ಧತಿಯ ಮರಣಪತ್ರದಲ್ಲಿ ಸತ್ತವರು ಹುಟ್ಟಿದ ಊರು, ತಂದೆಯ ಹೆಸರು ಮತ್ತು ಕಸುಬು, ತಾಯಿಯ ತವರಿನ ಹೆಸರು, ವಸಾಹತಿನಲ್ಲಿ ಕಳೆದ ವರ್ಷಗಳು, ಮದುವೆಯಾದ ಊರು, ಮಕ್ಕಳ ಹೆಸರು, ವಯಸ್ಸು ಎಲ್ಲಕ್ಕೂ ಜಾಗವಿತ್ತು. ಹೀಗೆ ಸಿಡ್ನಿಯ ಒಂದು ಕಾಗದದಿಂದ ಇಂಗ್ಲೆಂಡಿನ ಹಳ್ಳಿಯೊಂದರ ಬಾಗಿಲಿಗೆ ನೇರವಾಗಿ ಹೋಗಿ ನಿಲ್ಲಬಹುದು.

ಆದರೆ ಈ ಪತ್ರಕ್ಕೂ ಒಂದು ಮಿತಿಯುಂಟು. ಮಾಹಿತಿ ಕೊಡುವವನು ಸತ್ತವನಲ್ಲ. ಅವನ ಮಗನೋ, ಅಳಿಯನೋ, ಪಕ್ಕದ ಮನೆಯವನೋ. ಅವನಿಗೆ ಗೊತ್ತಿದ್ದಷ್ಟೇ ಅದರಲ್ಲಿ ಬರುತ್ತದೆ. ಅವನು ಹೇಳಬಯಸಿದಷ್ಟೇ ಬರುತ್ತದೆ ಎಂದರೂ ತಪ್ಪಲ್ಲ.

ಮೇರಿ ರೇಬಿಯ ವಿಷಯದಲ್ಲಿ ಈ ಬಾಗಿಲೂ ತೆರೆಯುವುದಿಲ್ಲ. ಅವಳು ಸಿಡ್ನಿಯ ನ್ಯೂಟೌನ್‌ನಲ್ಲಿ ತೀರಿಕೊಂಡದ್ದು 1855ರ ಮೇ 30ರಂದು. ನ್ಯೂ ಸೌತ್ ವೇಲ್ಸಿನಲ್ಲಿ ಸರ್ಕಾರಿ ನೋಂದಣಿ ಆರಂಭವಾದದ್ದು 1856ರ ಮಾರ್ಚಿನಲ್ಲಿ. ಕೇವಲ ಒಂಬತ್ತು ತಿಂಗಳ ಅಂತರದಲ್ಲಿ ಅವಳು ಆ ವಿವರವಾದ ಪತ್ರದಿಂದ ತಪ್ಪಿಸಿಕೊಂಡಳು. ಹಾಗಾಗಿ ಅವಳನ್ನು ಹುಡುಕುವವರು ಬೇರೆ ದಾರಿಗಳನ್ನೇ ಹಿಡಿಯಬೇಕು.

ಹುಡುಗನ ಹೆಸರಿನಲ್ಲಿ ಹುಡುಗಿ

ಅವಳ ಹುಟ್ಟು ಹೆಸರು ಮೇರಿ ಹೇಡಾಕ್, ಮನೆಯವರಿಗೆ ಮಾಲಿ. ಹುಟ್ಟಿದ್ದು 1777ರ ಮೇ 12ರಂದು, ಇಂಗ್ಲೆಂಡಿನ ಲ್ಯಾಂಕಾಷೈರ್ ಪ್ರಾಂತದ ಬರಿ ಎಂಬ ಊರಿನಲ್ಲಿ. ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಅಜ್ಜಿಯ ಆಶ್ರಯದಲ್ಲಿ ಬೆಳೆದ ಹುಡುಗಿ ಮನೆಗೆಲಸಕ್ಕೆ ಸೇರಿ, ಅಲ್ಲಿಂದ ಓಡಿಹೋದಳು ಎಂದು ಹೇಳಲಾಗುತ್ತದೆ. ಮುಂದೆ ಅವಳು ದಾಖಲೆಯಲ್ಲಿ ಕಾಣಿಸಿಕೊಳ್ಳುವುದು ಸ್ಟಾಫರ್ಡ್‌ನ ನ್ಯಾಯಾಲಯದಲ್ಲಿ, ಕುದುರೆ ಕಳವಿನ ಆರೋಪಿಯಾಗಿ. ಆಗ ಅವಳ ವಯಸ್ಸು ಸುಮಾರು ಹದಿಮೂರು.

ಆದರೆ ಆ ದಾಖಲೆಯಲ್ಲಿ ‘ಮೇರಿ ಹೇಡಾಕ್’ ಎಂಬ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ‘ಜೇಮ್ಸ್ ಬರೋ’. ಹುಡುಗನ ಬಟ್ಟೆ ತೊಟ್ಟು, ಹುಡುಗನ ಹೆಸರು ಹೇಳಿಕೊಂಡಿದ್ದ ಅವಳನ್ನು ನ್ಯಾಯಾಲಯವೂ ಹುಡುಗನೆಂದೇ ಭಾವಿಸಿ ಶಿಕ್ಷೆ ವಿಧಿಸಿತು. ಅಂದಿನ ಇಂಗ್ಲೆಂಡಿನಲ್ಲಿ ಕುದುರೆ ಕಳವು ಗಲ್ಲಿಗೇರಿಸಬಹುದಾದ ಅಪರಾಧ. ಅವಳಿಗೆ ಸಿಕ್ಕಿದ್ದು ಏಳು ವರ್ಷಗಳ ಗಡೀಪಾರು. ಅವಳು ಹೆಣ್ಣೆಂಬ ಗುಟ್ಟು ರಟ್ಟಾದದ್ದು ಆಮೇಲೆ.

ಆ ಹೊತ್ತಿಗೆ ಇಂಗ್ಲೆಂಡ್ ತನ್ನ ಕೈದಿಗಳನ್ನು ಸಾಗಿಸಲು ಹೊಸ ಜಾಗ ಕಂಡುಕೊಂಡಿತ್ತು. ಅಮೆರಿಕದ ವಸಾಹತುಗಳು 1776ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಮೇಲೆ ಅಲ್ಲಿಗೆ ಕೈದಿಗಳನ್ನು ಕಳಿಸುವಂತಿರಲಿಲ್ಲ. ಸೆರೆಮನೆಗಳು ತುಂಬಿ, ಥೇಮ್ಸ್ ನದಿಯಲ್ಲಿ ಲಂಗರು ಹಾಕಿದ ಹಳೆಯ ಹಡಗುಗಳಲ್ಲಿ ಕೈದಿಗಳನ್ನು ಕೂಡಿಹಾಕುವ ಸ್ಥಿತಿ ಬಂದಿತ್ತು. 1788ರ ಜನವರಿ 26ರಂದು ಹನ್ನೊಂದು ಹಡಗುಗಳ ಮೊದಲ ತಂಡ ಸಿಡ್ನಿಯ ದಂಡೆಗೆ ಬಂದಿತು. ಅಂದಿನಿಂದ 1868ರವರೆಗೆ, ಎಂಬತ್ತು ವರ್ಷಗಳಲ್ಲಿ ಸುಮಾರು 1,60,000 ಕೈದಿಗಳನ್ನು ಆಸ್ಟ್ರೇಲಿಯಕ್ಕೆ ಸಾಗಿಸಲಾಯಿತು. ಇವರಲ್ಲಿ ಸುಮಾರು 25,000 ಮಂದಿ ಹೆಂಗಸರು. 1792ರ ಅಕ್ಟೋಬರ್‌ನಲ್ಲಿ ‘ರಾಯಲ್ ಅಡ್ಮಿರಲ್’ ಹಡಗಿನಿಂದ ಇಳಿದ ಮೇರಿ ಅವರಲ್ಲೊಬ್ಬಳು.

ಒಂದು ಕಾಗದ ಹೇಳಿದ ಸತ್ಯ

ಜೇಮ್ಸ್ ಬರೋ ಎಂಬ ಹುಡುಗನಿಗೂ ಸಿಡ್ನಿಯ ಶ್ರೀಮಂತ ವಿಧವೆಗೂ ನಡುವೆ ಸೇತುವೆಯಾಗಿ ನಿಂತ ದಾಖಲೆಗಳಲ್ಲಿ ಮುಖ್ಯವಾದದ್ದು ಒಂದು ಕಾಗದ. ಸಿಡ್ನಿ ತಲುಪಿದೊಡನೆ, 1792ರ ಅಕ್ಟೋಬರ್ 8ರ ದಿನಾಂಕ ಹಾಕಿ, ಮೇರಿ ಊರಿನಲ್ಲಿದ್ದ ತನ್ನ ಬಂಧು ಪೆನೆಲೊಪಿ ಹೋಪ್‌ಗೆ ಪತ್ರ ಬರೆದಳು. ಆ ಪತ್ರ ಇಂದಿಗೂ ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿ ಉಳಿದಿದೆ. ಹದಿನೈದರ ಹುಡುಗಿ ಬರೆದ ಆ ಕೆಲವು ಸಾಲುಗಳು, ನ್ಯಾಯಾಲಯದ ಕಡತಗಳು ಹೇಳದ ಕುಟುಂಬದ ನಂಟನ್ನು ಹೇಳುತ್ತವೆ.

ಇಲ್ಲೂ ಒಂದು ತೊಡಕಿದೆ. ಪತ್ರದಲ್ಲಿ ಅವಳು ಪೆನೆಲೊಪಿಯನ್ನು ‘ಆಂಟ್’ ಎಂದು ಕರೆದಿದ್ದಾಳೆ. ಕನ್ನಡದಲ್ಲಾದರೆ ಅತ್ತೆ ಎಂದರೆ ತಂದೆಯ ಕಡೆ, ಚಿಕ್ಕಮ್ಮ ಅಥವಾ ದೊಡ್ಡಮ್ಮ ಎಂದರೆ ತಾಯಿಯ ಕಡೆ ಎಂದು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ತಿಳಿದುಬಿಡುತ್ತದೆ. ಇಂಗ್ಲಿಷಿನ ‘ಆಂಟ್’ ಇವರೆಲ್ಲರಿಗೂ ಒಂದೇ. ಮಾವನ ಹೆಂಡತಿಗೂ ಅದೇ, ಚಿಕ್ಕಪ್ಪನ ಹೆಂಡತಿಗೂ ಅದೇ. ‘ಕಸಿನ್’ ಎಂಬ ಮಾತಂತೂ ಇನ್ನೂ ಸಡಿಲ. ಹಾಗಾಗಿ ಹಳೆಯ ಪತ್ರದಲ್ಲಿ ಬಂಧುವಾಚಕ ಸಿಕ್ಕಿದೊಡನೆ ವಂಶವೃಕ್ಷದಲ್ಲಿ ಕೊಂಬೆ ಬಿಡಿಸುವಂತಿಲ್ಲ. ಚರ್ಚಿನ ಪುಸ್ತಕಗಳೊಂದಿಗೆ ಅದನ್ನು ಹೋಲಿಸಿ ನೋಡಲೇಬೇಕು.

ಚರ್ಚಿನ ಈ ಪುಸ್ತಕಗಳೇ ಇಂಗ್ಲೆಂಡಿನ ವಂಶಶೋಧಕರ ಮೂಲ ಬಂಡವಾಳ. ಎಂಟನೆಯ ಹೆನ್ರಿಯ ಆಳ್ವಿಕೆಯಲ್ಲಿ, 1538ರಲ್ಲಿ, ಪ್ರತಿ ಪ್ಯಾರಿಷ್ ಚರ್ಚೂ ತನ್ನ ವ್ಯಾಪ್ತಿಯ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದ. 1837ಕ್ಕೆ ಮುಂಚೆ ಹುಟ್ಟಿದ ಸಾಮಾನ್ಯನೊಬ್ಬನ ಗುರುತು ಸಿಗಬೇಕಾದರೆ ಹೆಚ್ಚಾಗಿ ಅಲ್ಲೇ ಸಿಗಬೇಕು. ಆದರೆ ಇಲಿ, ತೇವ, ಪಾದ್ರಿಯ ಸೋಮಾರಿತನ ಇವೆಲ್ಲದರಿಂದ ಪಾರಾಗಿ ಉಳಿದದ್ದು ಮಾತ್ರ ಇಂದು ನಮ್ಮ ಕೈಗೆ ಸಿಗುತ್ತದೆ. ಹೆಸರುಗಳ ಅಕ್ಷರವೂ ಬರೆದವನ ಕಿವಿಗೆ ಕೇಳಿದಂತೆ. ಮೇರಿಯ ಗಂಡನ ಮನೆತನದ ಹೆಸರು ಒಂದೊಂದು ಕಡೆ ಒಂದೊಂದು ರೂಪದಲ್ಲಿದೆ. ಇಂದಿಗೂ ಸಿಡ್ನಿಯಲ್ಲಿ ಅವಳ ಹೆಸರಿನ ಬೀದಿಯ ಫಲಕದಲ್ಲಿ ಒಂದು ಅಕ್ಷರ ಕಡಿಮೆ.

ಕೈದಿಯಿಂದ ಒಡತಿ

ಸಿಡ್ನಿಯಲ್ಲಿ ಮೇರಿಯನ್ನು ಮೇಜರ್ ಫ್ರಾನ್ಸಿಸ್ ಗ್ರೋಸ್‌ನ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಚ್ಚಲಾಯಿತು. 1794ರ ಸೆಪ್ಟೆಂಬರ್ 7ರಂದು, ಹದಿನೇಳನೆಯ ವಯಸ್ಸಿನಲ್ಲಿ, ಶಿಕ್ಷೆಯ ಅವಧಿ ಮುಗಿಯುವ ಮೊದಲೇ ಅವಳ ಮದುವೆಯಾಯಿತು. ಗಂಡ ಥಾಮಸ್ ರೇಬಿ ಐರ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ಸೇವೆಯಲ್ಲಿದ್ದ ತರುಣ. ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಅವರಿಗೆ ಜಮೀನು ಸಿಕ್ಕಿತು. ಧಾನ್ಯ ಸಾಗಿಸುವ ದೋಣಿಗಳಿಂದ ಆರಂಭವಾದ ವ್ಯಾಪಾರ ಕಡಲಿಗೆ ಇಳಿಯಿತು. ಸಿಡ್ನಿಯಲ್ಲಿ ಅವರು ಕಟ್ಟಿಸಿದ ಮನೆಯ ಹೆಸರು ‘ಎಂಟಾಲಿ’. ಅದು ಕಲ್ಕತ್ತದ ಒಂದು ಬಡಾವಣೆಯ ಹೆಸರು! ಮುಂದೆ ಅವರ ಮಗ ಟಾಸ್ಮೇನಿಯದಲ್ಲಿ ಕಟ್ಟಿಸಿದ ಬಂಗಲೆಗೂ ಅದೇ ಹೆಸರಿಟ್ಟ. ವಂಶದ ಚರಿತ್ರೆ ಹುಡುಕುವವರಿಗೆ ಇಂತಹ ಮನೆಯ ಹೆಸರೂ ಒಂದು ಸುಳಿವು. ಭಾರತದೊಂದಿಗೆ ಆ ಕುಟುಂಬಕ್ಕಿದ್ದ ವ್ಯಾಪಾರದ ನಂಟನ್ನು ಅದು ಸಾರುತ್ತದೆ.

1811ರಲ್ಲಿ ಥಾಮಸ್ ತೀರಿಕೊಂಡ. ಒಂದು ತಿಂಗಳಲ್ಲಿ ವ್ಯಾಪಾರದ ಪಾಲುದಾರ ಎಡ್ವರ್ಡ್ ವಿಲ್ಸ್ ಕೂಡ ಸತ್ತ. ಮೂವತ್ತಮೂರರ ವಿಧವೆ, ಏಳು ಮಕ್ಕಳು, ಹಡಗುಗಳು, ಗೋದಾಮುಗಳು, ಸಾಲದ ಪುಸ್ತಕಗಳು. ಮೇರಿ ಇವೆಲ್ಲವನ್ನೂ ತಾನೇ ನಡೆಸಿದಳು. ಮರುವರ್ಷವೇ ಜಾರ್ಜ್ ಸ್ಟ್ರೀಟ್‌ನಲ್ಲಿ ಹೊಸ ಗೋದಾಮು ತೆರೆದಳು. 1817ರಲ್ಲಿ ಇನ್ನಷ್ಟು ಹಡಗುಗಳನ್ನು ಕೊಂಡಳು. ಅದೇ ವರ್ಷ ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್ ತನ್ನ ಬಾಗಿಲು ತೆರೆದದ್ದು ಅವಳು ಬಾಡಿಗೆಗೆ ಕೊಟ್ಟ ಕಟ್ಟಡದಲ್ಲಿ. ಇಂದಿನ ವೆಸ್ಟ್‌ಪ್ಯಾಕ್ ಬ್ಯಾಂಕ್ ಇದರದೇ ಮುಂದುವರಿಕೆ. ಅದೇ ವರ್ಷ ತನ್ನ ಸಾಲಗಾರನೊಬ್ಬನ ಮೇಲೆ ಹಲ್ಲೆ ನಡೆಸಿದ್ದಕ್ಕಾಗಿ ಅವಳು ತಪ್ಪಿತಸ್ಥಳೆಂದು ತೀರ್ಮಾನವಾದದ್ದೂ ನ್ಯಾಯಾಲಯದ ದಾಖಲೆಯಲ್ಲಿದೆ. ನೋಟಿನ ಮೇಲಿನ ಅಜ್ಜಿ ಸಾಲ ವಸೂಲಿಯಲ್ಲಿ ಮೆದುವಾಗಿರಲಿಲ್ಲ!

ಅವಳ ಏಳಿಗೆಯ ಕಾಲದಲ್ಲಿ ವಸಾಹತಿನ ಗವರ್ನರ್ ಆಗಿದ್ದವನು ಲಾಕ್ಲನ್ ಮೆಕ್ವಾರಿ. ಕನ್ನಡ ನಾಡಿಗೆ ಈ ಹೆಸರು ತೀರಾ ಅಪರಿಚಿತವಲ್ಲ. ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಗಳಲ್ಲಿ, 1792ರಲ್ಲೂ 1799ರಲ್ಲೂ, ಶ್ರೀರಂಗಪಟ್ಟಣದ ಮುತ್ತಿಗೆಯ ಸಮಯದಲ್ಲಿ ಬ್ರಿಟಿಷ್ ಸೈನ್ಯದೊಂದಿಗಿದ್ದ ಸ್ಕಾಟ್ಲೆಂಡಿನ ಅಧಿಕಾರಿ ಈತ. 1810ರಲ್ಲಿ ಸಿಡ್ನಿಯ ಗವರ್ನರ್ ಆದ ಮೆಕ್ವಾರಿ, ಶಿಕ್ಷೆ ಮುಗಿಸಿದ ಕೈದಿಗಳನ್ನು ಇತರರ ಸಮಾನವಾಗಿ ಕಾಣಬೇಕೆಂಬ ಧೋರಣೆ ತಳೆದ. ಕೆಲವರನ್ನು ತನ್ನ ಊಟದ ಮೇಜಿಗೂ ಕರೆದ. ಸ್ವತಂತ್ರರಾಗಿ ಬಂದ ಶ್ರೀಮಂತರಿಗೆ ಇದು ಸಹಿಸಲಿಲ್ಲ. ವಸಾಹತಿನ ಸಮಾಜ ಎರಡಾಗಿ ಒಡೆದಿತ್ತು: ಸ್ವಂತ ಇಚ್ಛೆಯಿಂದ ಬಂದವರು ಮತ್ತು ಸರಪಳಿಯಲ್ಲಿ ಬಂದವರು. ಎಷ್ಟೇ ಹಣ ಗಳಿಸಿದರೂ ಈ ಗೆರೆ ಅಳಿಸುವುದು ಸುಲಭವಾಗಿರಲಿಲ್ಲ.

ಸುಳ್ಳಲ್ಲದ ಸುಳ್ಳು

1820ರ ಮಾರ್ಚಿನಲ್ಲಿ ಮೇರಿ ತನ್ನ ಇಬ್ಬರು ಹೆಣ್ಣುಮಕ್ಕಳಾದ ಸೀಲಿಯಾ ಮತ್ತು ಎಲೈಜಾರನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೊರಟಳು. ಕೈದಿಯಾಗಿ ಬಿಟ್ಟ ಊರಿಗೆ, ಹಣ ತೆತ್ತು ಪ್ರಯಾಣಿಸುವ ಗೌರವಸ್ಥ ಮಹಿಳೆಯಾಗಿ ಹಿಂತಿರುಗಿದಳು. ಲ್ಯಾಂಕಾಷೈರಿನಲ್ಲಿ ಅವಳಿಗೆ ಆದರದ ಸ್ವಾಗತ ದೊರೆಯಿತು. ಆ ಪ್ರವಾಸದ ದಿನಚರಿಯನ್ನೂ ಅವಳು ಬರೆದಿಟ್ಟಳು. ಮರುವರ್ಷ ‘ಮೆರಿನರ್’ ಎಂಬ ಹಡಗಿನಲ್ಲಿ ಸಿಡ್ನಿಗೆ ಮರಳಿದಳು.

1828ರ ಜನಗಣತಿಯ ಉತ್ತರದ ಗುಟ್ಟು ಇಲ್ಲಿದೆ. ವಸಾಹತಿನ ಸುಮಾರು 36,000 ಜನರನ್ನು ಹೆಸರು ಹಿಡಿದು ಎಣಿಸಿದ ಆ ಗಣತಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅವರ ಸ್ಥಿತಿಯನ್ನು ಸೂಚಿಸುವ ಅಕ್ಷರಗಳನ್ನು ಬರೆಯಲಾಗುತ್ತಿತ್ತು. ಸ್ವತಂತ್ರವಾಗಿ ಬಂದವರು, ವಸಾಹತಿನಲ್ಲೇ ಹುಟ್ಟಿದವರು, ಶಿಕ್ಷೆ ಮುಗಿಸಿ ಬಿಡುಗಡೆಯಾದವರು, ಇನ್ನೂ ಶಿಕ್ಷೆಯಲ್ಲಿರುವವರು ಹೀಗೆ. ಐವತ್ತೊಂದು ವರ್ಷದ ಮೇರಿ ‘ಸ್ವತಂತ್ರಳಾಗಿ ಬಂದವಳು, 1821’ ಎಂದಳು. ಅದು ಪೂರ್ತಿ ಸುಳ್ಳೇ? ಅಲ್ಲ. 1821ರಲ್ಲಿ ಅವಳು ಸ್ವತಂತ್ರಳಾಗಿಯೇ ಬಂದಿದ್ದಳು. ಅದಕ್ಕೂ ಮುಂಚೆ ಒಮ್ಮೆ ಬಂದಿದ್ದನ್ನು ಹೇಳಲಿಲ್ಲ, ಅಷ್ಟೆ.

ಹತ್ತಿಪ್ಪತ್ತು ವರ್ಷಗಳ ಹಿಂದಿನ ಹಾಜರಿ ಪಟ್ಟಿ, ಹಡಗಿನ ಕೈದಿಗಳ ಪಟ್ಟಿ, ಸ್ಟಾಫರ್ಡ್‌ನ ತೀರ್ಪು, ಬಂಧುವಿಗೆ ಬರೆದ ಕಾಗದ ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಆ ಒಂದು ಸಾಲಿನ ಅರ್ಥ ತೆರೆದುಕೊಳ್ಳುತ್ತದೆ. ವಂಶಶೋಧಕರು ‘ಒಂದೇ ದಾಖಲೆಯನ್ನು ನಂಬಬೇಡಿ’ ಎಂದು ಹೇಳುವುದು ಇದಕ್ಕೇ. ದಾಖಲೆ ಎಂದರೆ ನಡೆದದ್ದಲ್ಲ. ಯಾರೋ ಒಬ್ಬರು ಇನ್ನೊಬ್ಬರಿಗೆ ಹೇಳಿ ಬರೆಸಿದ್ದು.

ಕಳಂಕ ಮತ್ತು ಹೆಮ್ಮೆ

ಮೇರಿ ಮಾಡಿದ್ದನ್ನೇ ಒಂದು ಇಡೀ ಸಮಾಜ ನೂರು ವರ್ಷ ಮಾಡಿತು. ‘ಕೈದಿ ಕಳಂಕ’ ಎಂಬ ಮಾತೇ ಅಲ್ಲಿ ಹುಟ್ಟಿಕೊಂಡಿತು. ಕೈದಿಗಳ ದ್ವೀಪವೆಂದು ಕುಖ್ಯಾತವಾಗಿದ್ದ ವ್ಯಾನ್ ಡೀಮನ್ಸ್ ಲ್ಯಾಂಡ್, ಕೈದಿಗಳ ಸಾಗಣೆ 1853ರಲ್ಲಿ ನಿಂತ ಮೇಲೆ, 1856ರಲ್ಲಿ ತನ್ನ ಹೆಸರನ್ನೇ ಟಾಸ್ಮೇನಿಯ ಎಂದು ಬದಲಿಸಿಕೊಂಡಿತು. ಮನೆಗಳಲ್ಲಿ ಅಜ್ಜ ಅಜ್ಜಿಯರ ಮೂಲ ಕೇಳಿದ ಮಕ್ಕಳಿಗೆ ಹಾರಿಕೆಯ ಉತ್ತರ ಸಿಗುತ್ತಿತ್ತು. 1882ರಲ್ಲಿ ಸಿಡ್ನಿಯ ಗಾರ್ಡನ್ ಪ್ಯಾಲೇಸ್ ಬೆಂಕಿಗೆ ಆಹುತಿಯಾಗಿ ಅಲ್ಲಿದ್ದ ಜನಗಣತಿಯ ಕಾಗದಗಳು ಸುಟ್ಟುಹೋದಾಗ ಒಳಗೊಳಗೇ ನಿಟ್ಟುಸಿರು ಬಿಟ್ಟ ಕುಟುಂಬಗಳೂ ಇದ್ದಿರಬಹುದು. ಮೇರಿಯ ಮೊಮ್ಮಗ, ಅಜ್ಜನ ಹೆಸರನ್ನೇ ಹೊತ್ತಿದ್ದ ಥಾಮಸ್ ರೇಬಿ, 1876ರಲ್ಲಿ ಅದೇ ಟಾಸ್ಮೇನಿಯದ ಪ್ರಧಾನಿಯಾದ. ಕೈದಿಯಾಗಿ ಬಂದವಳ ಮೊಮ್ಮಗ ಒಂದು ವಸಾಹತನ್ನೇ ಆಳಿದ!

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಾಳಿ ತಿರುಗಿತು. ಮೊದಲ ತಂಡದ ಹಡಗುಗಳಲ್ಲಿ ಬಂದವರ ವಂಶಸ್ಥರು 1968ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. 1988ರಲ್ಲಿ ಇನ್ನೂರನೆಯ ವರ್ಷದ ಆಚರಣೆ ನಡೆಯುವ ಹೊತ್ತಿಗೆ ಮನೆತನದಲ್ಲಿ ಒಬ್ಬ ಕೈದಿ ಇರುವುದು ಹೆಮ್ಮೆಯ ಮಾತಾಗಿತ್ತು. 2007ರಲ್ಲಿ ಯುನೆಸ್ಕೊ ಆಸ್ಟ್ರೇಲಿಯದ ಕೈದಿ ದಾಖಲೆಗಳನ್ನು ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು. 2008ರಲ್ಲಿ ಪ್ರಧಾನಿ ಕೆವಿನ್ ರಡ್‌ಗೆ ಅವರ ವಂಶಾವಳಿಯ ಪುಸ್ತಕ ಉಡುಗೊರೆಯಾಗಿ ಸಿಕ್ಕಿತು. ಅದರಲ್ಲಿ ಮೇರಿ ವೇಡ್ ಇದ್ದಳು. ಇನ್ನೊಬ್ಬ ಮಗುವಿನ ಬಟ್ಟೆ ಕಸಿದದ್ದಕ್ಕೆ 1789ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯ ಮರಣದಂಡನೆ ವಿಧಿಸಿ, ನಂತರ ಗಡೀಪಾರು ಮಾಡಿದ ಬಾಲಕಿ ಆಕೆ.

ಕಳಂಕ ಹೆಮ್ಮೆಯಾದಾಗ ಇನ್ನೊಂದು ಅಪಾಯ ಕಾದಿರುತ್ತದೆ. ಹೆಮ್ಮೆಯೂ ಕಥೆ ಕಟ್ಟುತ್ತದೆ. ಮೇರಿ ಕುದುರೆ ಕದ್ದದ್ದಲ್ಲ, ಬರಿಯ ತುಂಟಾಟಕ್ಕೆ ಹತ್ತಿದ್ದು ಎಂಬ ಮಾತು ಹೀಗೆ ಬೆಳೆದದ್ದು. ಮರೆಮಾಚಿದ ಮುತ್ತಜ್ಜಿ ಹೋಗಿ, ಸಿಂಗರಿಸಿದ ಮುತ್ತಜ್ಜಿ ಬರುತ್ತಾಳೆ.

ಎಣಿಸದೆ ಬಿಟ್ಟವರು

ಇಂದು ಹುಡುಕಾಟ ಮೊದಲಿಗಿಂತ ಸುಲಭ. 1948ರಲ್ಲಿ ಆರಂಭವಾದ ಜಂಟಿ ಯೋಜನೆಯೊಂದರಲ್ಲಿ ಬ್ರಿಟನ್ನಿನಲ್ಲಿದ್ದ ಆಸ್ಟ್ರೇಲಿಯ ಸಂಬಂಧಿ ದಾಖಲೆಗಳನ್ನು ಹತ್ತು ಸಾವಿರಕ್ಕೂ ಹೆಚ್ಚು ಮೈಕ್ರೊಫಿಲ್ಮ್ ಸುರುಳಿಗಳಲ್ಲಿ ಪ್ರತಿ ಮಾಡಿ ತರಲಾಯಿತು. ಈಗ ಅವು ಮನೆಯ ಕಂಪ್ಯೂಟರಿನಲ್ಲೇ ಸಿಗುತ್ತವೆ. ಸ್ವಂತ ಇಚ್ಛೆಯಿಂದ, ಸರ್ಕಾರದ ಸಹಾಯಧನ ಪಡೆದು ಹೋದ ಲಕ್ಷಾಂತರ ಜನರ ಹಡಗಿನ ಪಟ್ಟಿಗಳೂ ಉಳಿದಿವೆ. 1839ರಲ್ಲಿ ಹೆಂಡತಿಯೊಂದಿಗೆ ಹೀಗೆ ಹೋದ ದಂತದ ಕೆಲಸಗಾರ ಹೆನ್ರಿ ಪಾರ್ಕ್ಸ್ ಮುಂದೆ ನ್ಯೂ ಸೌತ್ ವೇಲ್ಸಿನ ಪ್ರಧಾನಿಯಾದ. ಅವನು ಊರಿನಲ್ಲಿದ್ದ ಅಕ್ಕನಿಗೆ ಬರೆದ ಕಾಗದಗಳು 1896ರಲ್ಲಿ ಪುಸ್ತಕವಾದವು. ಮೇರಿಯಂತೆ ಅವನ ಬಡತನದ ದಿನಗಳ ಸಾಕ್ಷ್ಯವೂ ಉಳಿದದ್ದು ಬಂಧುಗಳಿಗೆ ಬರೆದ ಕಾಗದದಲ್ಲಿ.

ಆದರೆ ಈ ಎಲ್ಲ ದಾಖಲೆಗಳಲ್ಲಿ ಒಂದು ದೊಡ್ಡ ಖಾಲಿ ಜಾಗವಿದೆ. ರೇಬಿ ಕುಟುಂಬ ಉತ್ತು ಬಿತ್ತಿದ ಹಾಕ್ಸ್‌ಬರಿ ದಂಡೆ ಅದಕ್ಕೂ ಮುಂಚೆ ದಾರುಗ್ ಎಂಬ ಮೂಲನಿವಾಸಿಗಳ ನೆಲೆ. 1828ರ ಗಣತಿ ಕೈದಿಗಳ ಹೆಸರನ್ನೂ, ಒಡೆಯರ ಎಕರೆಗಳನ್ನೂ, ದನ ಕುರಿಗಳನ್ನೂ ಬರೆದುಕೊಂಡಿತು, ಮೂಲನಿವಾಸಿಗಳನ್ನು ಎಣಿಸಲಿಲ್ಲ. ದೇಶದ ಜನಸಂಖ್ಯೆಯ ಲೆಕ್ಕದಿಂದ ಅವರನ್ನು ಹೊರಗಿಡುತ್ತಿದ್ದ ಸಂವಿಧಾನದ ವಿಧಿ ರದ್ದಾದದ್ದು 1967ರ ಜನಮತಗಣನೆಯ ನಂತರ. ಮಕ್ಕಳನ್ನು ಹೆತ್ತವರಿಂದ ಕಿತ್ತು ಬೇರೆಡೆ ಬೆಳೆಸಿದ ಸರ್ಕಾರಿ ನೀತಿಯಿಂದಾಗಿ ಎಷ್ಟೋ ಮೂಲನಿವಾಸಿ ಕುಟುಂಬಗಳಿಗೆ ವಂಶದ ಹುಡುಕಾಟ ಹವ್ಯಾಸವಲ್ಲ. ಕಳೆದುಹೋದ ತಾಯಿಯನ್ನು, ಒಡಹುಟ್ಟಿದವರನ್ನು ಹುಡುಕುವ ಕೆಲಸ. 1997ರ ವಿಚಾರಣಾ ವರದಿ ಈ ನೋವನ್ನು ದೇಶದ ಮುಂದಿಟ್ಟಿತು.

ಕುದುರೆ ಕದ್ದ ಅನಾಥ ಹುಡುಗಿಯನ್ನು ಸಾಮ್ರಾಜ್ಯ ಶಿಕ್ಷಿಸಿತು. ಆದರೆ ಶಿಕ್ಷಿಸುವುದಕ್ಕಾಗಿಯೇ ಅವಳ ಹೆಸರನ್ನು ಬರೆದುಕೊಂಡಿತು. ಆ ಹೆಸರು ಹುಡುಗನದಾಗಿದ್ದರೂ ಇನ್ನೂರು ವರ್ಷಗಳ ನಂತರ ಅವಳನ್ನು ಪತ್ತೆಹಚ್ಚಲು ಅದು ಸಾಕಾಯಿತು. ತಾನು ಮರೆಸಲು ಬಯಸಿದ 1792ನೇ ಇಸವಿಯೇ ತನ್ನನ್ನು ದೇಶದ ನೋಟಿನ ಮೇಲೆ ಕೂರಿಸುತ್ತದೆಂದು 1828ರಲ್ಲಿ ಗಣತಿದಾರನ ಮುಂದೆ ಉತ್ತರ ಹೇಳಿದ ಮೇರಿ ರೇಬಿ ಊಹಿಸಿರಲಾರಳು.